ಹತ್ತು ನಿಮಿಷಕ್ಕೊಮ್ಮೆ

ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಮೆರಿಕದ ಸ್ಕೋಕಿ ಊರಿನ ವಿಷ್ಣು ಹವ್ಯಾಸಿಗಳ ಹ್ಯಾಮ್ ರೇಡಿಯೊದಲ್ಲಿ ಗೆಳೆಯನ ಕರೆಸಂಕೇತ, ಅಂದರೆ ಸರ್ಕಾರ ಕೊಟ್ಟ ಅಕ್ಷರ-ಅಂಕಿಗಳ ಗುರುತು, ಹೇಳಿ ಅರ್ಧ ನಿಮಿಷ ಸುಮ್ಮನಾಗುತ್ತಿದ್ದರು. ಗೆಳೆಯ ಗುರುಲಿಂಗಪ್ಪ ತೀರಿಕೊಂಡು ಇಪ್ಪತ್ಮೂರು ತಿಂಗಳಾಗಿತ್ತು. ಆ ಮೌನವನ್ನು ದೂರದ ಊರು ವಿಕ್ಸಮ್‌ನ ಬೇಸ್‌ಮೆಂಟಿನಲ್ಲಿ ಗುರುಲಿಂಗಪ್ಪನವರ ಹೆಂಡತಿ ಕಮಲವ್ವ ಕೇಳುತ್ತಿದ್ದರು. ಕೇಳಲು ಪರವಾನಗಿ ಬೇಡ; ಉತ್ತರಿಸಲು ಬೇಕು.

ಅದಕ್ಕೆಂದೇ ಅರವತ್ತೆಂಟನೇ ವಯಸ್ಸಿನಲ್ಲಿ ಅವರು ಎರಡು ಪರೀಕ್ಷೆ ಬರೆದರು. ತಲಾ ಮೂವತ್ತೈದು ಪ್ರಶ್ನೆ. ಪಾಸಾಗಲು ಇಪ್ಪತ್ತಾರು ಸರಿಯಿರಬೇಕು. ಎರಡನೆಯದರಲ್ಲಿ ಬಂದದ್ದು ಇಪ್ಪತ್ತಾರೇ. ಫೆಡರಲ್ ಸಂಪರ್ಕ ಆಯೋಗ ಹೊಸ ಸಂಕೇತ ಕೊಟ್ಟಿತು. ಅವರಿಗೆ ಅದು ಬೇಡವಾಗಿತ್ತು. ಗಂಡ ತನ್ನ ಹೆಸರಿನಿಂದಲೇ ಆರಿಸಿಕೊಂಡಿದ್ದ, ‘ಜಿ ಎಲ್ ಪಿ’ ಎಂದು ಮುಗಿಯುವ ಸಂಕೇತ ಬೇಕಿತ್ತು.

ಸತ್ತವರ ಸಂಕೇತವನ್ನು ಎರಡು ವರ್ಷದವರೆಗೆ ಹತ್ತಿರದ ಸಂಬಂಧಿಕರು ಮಾತ್ರ ಕೇಳಬಹುದು, ಆಮೇಲೆ ಯಾರಾದರೂ. ಆದರೆ ಮೊದಲು ಮರಣ ಪ್ರಮಾಣಪತ್ರ ಕಳಿಸಬೇಕು. ಆಯೋಗದ ಜಾಲತಾಣದಲ್ಲಿ ಗುರುಲಿಂಗಪ್ಪನವರ ಹೆಸರಿನ ಮುಂದೆ ಇನ್ನೂ ‘ಆ್ಯಕ್ಟಿವ್’ ಎಂದೇ ಇತ್ತು. ಕಮಲವ್ವ ದಿನವೂ ಚಹಾ ಕುಡಿಯುತ್ತ ಅದನ್ನು ತೆರೆದು ನೋಡುತ್ತಿದ್ದರು.

“ಅವ್ವಾ, ಇನ್ನ ಮೂರು ವಾರ ಅಷ್ಟ ಅದ. ಆಮ್ಯಾಲೆ ಯಾರರ ಹೊಡ್ಕೊಂಡು ಹೋಗ್ತಾರ,” ಎಂದ ಮಗ ಕಲ್ಮೇಶ್.

“ಅವರು ಹೋದ್ರಂತ ಬ್ಯಾಂಕಿಗೆ ಬರದ್ವಿ. ಇನ್ಶೂರೆನ್ಸ್‌ನವ್ರಿಗೆ ಬರದ್ವಿ. ಒಂದ್ ಕಡೆಯರ ಇರ್ಲಿ ಬಿಡೋ.”

“ಇದ್ದು? ವಿಷ್ಣು ಅಂಕಲ್ ಕೂಗಿದ್ರ ಅಪ್ಪ ಓ ಅಂತಾನೇನು?”

ಮುಂದಿನ ಭಾನುವಾರ ವಿಷ್ಣು ಕರೆದರು. ಅರ್ಧ ನಿಮಿಷ ಕಳೆಯಿತು. ಕಮಲವ್ವ ಮೇಲೆ ಬಂದು, “ಅಪ್‌ಲೋಡ್ ಮಾಡಪಾ,” ಎಂದರು.

ಕೆಲವು ದಿನಗಳಲ್ಲಿ ‘ಆ್ಯಕ್ಟಿವ್’ ಇದ್ದಲ್ಲಿ ‘ಕ್ಯಾನ್ಸಲ್ಡ್’ ಬಂತು. ಅಂದಿನಿಂದ ಅವರು ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಸಂಕೇತ ಅವರ ಹೆಸರಿಗೆ ಬಂದದ್ದನ್ನು ಕಲ್ಮೇಶನೇ ನೋಡಿ ಹೇಳಿದ.

ಭಾನುವಾರ ಎಂಟಕ್ಕೆ ವಿಷ್ಣು ಕರೆದು ಸುಮ್ಮನಾದರು. ಕಮಲವ್ವ ಮೈಕಿನ ಗುಂಡಿ ಒತ್ತಿದರು. ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ, ಪದ್ಯ ಕಟ್ಟಿ ಹೆಸರು ಹೇಳುವ ಒಡಪಿನಲ್ಲಿ. ಆಮೇಲೆ ಒಮ್ಮೆಯೂ ಇಲ್ಲ. ಸಂಕೇತದ ಮೊದಲರ್ಧ ಸಲೀಸಾಗಿ ಬಂತು. ಉಳಿದ ಮೂರಕ್ಷರ ಒಂದೊಂದಾಗಿ ಬಂದವು.

“ಜಿ... ಎಲ್... ಪಿ.”

“ಕಮಲಮ್ಮಾವ್ರೇ!” ವಿಷ್ಣು ಕೂಗಿದರು. “ಕೇಳ್ತಾ ಇದೀರ ಅಂತ ಗೊತ್ತಿತ್ತು. ಎಷ್ಟ್ ಕಾಯಿಸ್ಬಿಟ್ರಿ!”

“ಅವರ ಹೆಸರು ತಗೊಂಡಂಗ ಆತ್ರಿ ಅಣ್ಣಾ. ನಾಚಿಕಿ ಬರ್ತದ.”

“ನಾಚ್ಕೊಂಡ್ರೆ ಆಗಲ್ಲ. ಆಯೋಗದ ರೂಲು. ಮಾತಾಡ್ತಾ ಇದ್ರೆ ಹತ್ತು ನಿಮಿಷಕ್ಕೊಂದ್ಸಲ ಹೇಳ್ಲೇಬೇಕು.”

ಕಮಲವ್ವ ಗೋಡೆ ಗಡಿಯಾರ ನೋಡಿದರು. ಮತ್ತೆ ಆ ಹೆಸರು ಹೇಳಲು ಇನ್ನೂ ಎಂಟು ನಿಮಿಷವಿತ್ತು. “ಮಾತಾಡ್ರಿ,” ಎಂದರು, “ನಾ ಎಲ್ಲೂ ಹೋಗಂಗಿಲ್ಲ.”