ಏರಿಯ ಮೇಲಿನ ಹುಲ್ಲು

ಹೊಳೆ ಉಕ್ಕಿದರೆ ಸಾಕು, ರೈಲು ನಿಲ್ಲುತ್ತಿತ್ತು. ಹಳಿ ಹೊತ್ತ ಮಣ್ಣಿನ ಏರಿ ಕೊಚ್ಚಿಹೋಗಿ, ಊರಿನವರು ವಾರಗಟ್ಟಲೆ ಪಟ್ಟಣದ ಮುಖ ಕಾಣುತ್ತಿರಲಿಲ್ಲ. ಬೇರೆಯವರಿಗೆ ಅದು ತಾಪತ್ರಯ. ಆಡು ಸಾಕುವ ಆಡಿನಕ್ಕನಿಗೆ ಪ್ರಾಣಸಂಕಟ. ಅವಳ ಗಂಡನ ಮೂತ್ರಪಿಂಡ ಕೈಕೊಟ್ಟಿತ್ತು. ವಾರಕ್ಕೆ ಎರಡು ಸಲ ರೈಲಿನಲ್ಲಿ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಕಳೆದ ನೆರೆಯಲ್ಲಿ, ಮೈ ಬಾತು ಉಸಿರಿಗೆ ಪರದಾಡುತ್ತಿದ್ದವನನ್ನು ದೋಣಿಯಲ್ಲಿ ಮಲಗಿಸಿ ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು.

ಈ ಬೇಸಿಗೆಯಲ್ಲಿ ರೈಲ್ವೆಯವರು ಏರಿಯನ್ನು ಎತ್ತರಿಸಿದರು, ಏರಿಯಡಿ ನೀರು ಹಾಯುವ ಮೋರಿಗಳನ್ನು ಅಗಲ ಮಾಡಿದರು, ಇಳಿಜಾರಿಗೆಲ್ಲ ಹುಲ್ಲು ನೆಟ್ಟರು. ಹುಲ್ಲು ಚಿಗುರಿದ್ದೇ ತಡ, ಆಡಿನಕ್ಕನ ಆಡುಗಳು ಎಂದಿನಂತೆ ಏರಿ ಹತ್ತಿದವು.

ಪಕ್ಕದ ಮನೆಯ ಹುಡುಗಿ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದಳು. ಆಡುಗಳನ್ನು ಇಳಿಸಿ ಎಂದು ಅವಳು ಕೇಳಿಕೊಂಡಾಗ ಆಡಿನಕ್ಕ ನಕ್ಕುಬಿಟ್ಟಳು.

“ಅಲ್ವೇ ತಾಯಿ, ಅಷ್ಟು ದೊಡ್ಡ ರೈಲನ್ನ ಹೊರೋ ಏರಿ ನನ್ನ ಆಡಿಗೆ ಹೆದರುತ್ತಾ?”

ಹುಡುಗಿ ವಾದಕ್ಕೆ ನಿಲ್ಲಲಿಲ್ಲ. ಬಕೆಟ್‌ನಲ್ಲಿ ನೀರು ತಂದು ಹುಲ್ಲಿದ್ದ ಕಡೆ ಸುರಿದಳು. ನೀರು ತಿಳಿಯಾಗಿಯೇ ಇಳಿಯಿತು. ಆಡು ಬೋಳಿಸಿದ್ದ ಕಡೆ ಸುರಿದಳು; ಕೆಸರು ಹರಿದು ಬೆರಳು ತೂರುವಷ್ಟು ಕೊರಕಲು ಬಿತ್ತು.

“ಅಕ್ಕಾ, ಇದು ಬರೀ ಬಕೆಟ್ ನೀರು. ಹೊಳೆನೇ ಬಂದ್ರೆ? ಬೇರು ಮಣ್ಣು ಹಿಡಿದ್ರೆ ಏರಿ ನಿಲ್ಲುತ್ತೆ. ಏರಿ ನಿಂತ್ರೆ ರೈಲು ಬರುತ್ತೆ. ಭಾವನಿಗೆ ಬೇಕಾಗಿರೋದು ಅದೇ ರೈಲು ತಾನೇ?”

ಆಡಿನಕ್ಕನ ನಗು ಅಲ್ಲೇ ಇಂಗಿತು. ಇಷ್ಟು ವರ್ಷ ಹೊಳೆಗೆ ಹಿಡಿಶಾಪ ಹಾಕಿದ್ದವಳಿಗೆ, ಏರಿ ಕೊಚ್ಚಿಹೋಗುವುದರಲ್ಲಿ ತನ್ನ ಆಡುಗಳ ಪಾಲೂ ಇದೆ ಎಂದು ತೋಚಿರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಳು.

“ಹಾಗಾದ್ರೆ ನನ್ನ ಔಷಧಿನ ನಿನ್ನ ಆಡು ಮೇಯ್ತಾ ಇತ್ತು ಅನ್ನು” ಎಂದು ಅವನು ಛೇಡಿಸಿದ.

ಮರುದಿನದಿಂದ ಆಡುಗಳನ್ನು ಹಿತ್ತಲಿನ ಗೂಟಕ್ಕೆ ಕಟ್ಟಿದಳು. ದೂರದಿಂದ ಮೇವು ಕೊಯ್ದು ತರಬೇಕಾಯಿತು, ಗೊಣಗುತ್ತಲೇ ತಂದಳು. ಬೋಳಾದ ಕಡೆ ಗ್ಯಾಂಗಿನವರ ಜೊತೆ ತಾನೂ ಕೂತು ಹುಲ್ಲು ನೆಟ್ಟಳು. ಮೋರಿಗೆ ಕಸ ಸುರಿಯಲು ಬಂದ ಮೈದುನನನ್ನು ಬುಟ್ಟಿ ಸಮೇತ ವಾಪಸ್ ಕಳಿಸಿದಳು. ಮೋರಿ ಕಟ್ಟಿಕೊಂಡರೆ ನೀರು ಏರಿಯನ್ನೇ ಒಡೆದು ದಾರಿ ಮಾಡಿಕೊಳ್ಳುತ್ತದೆಂದು ಅವನಿಗೆ ಪಾಠವೂ ಆಯಿತು.

ಮಳೆಗಾಲದಲ್ಲಿ ಹೊಳೆ ಏರಿಯ ಅರ್ಧದವರೆಗೆ ಬಂತು. ತಡವಾಗಿ ಹುಲ್ಲು ನೆಟ್ಟಿದ್ದ ಕಡೆ ಮಣ್ಣು ಒಂದಿಷ್ಟು ಕುಸಿಯಿತು. ಗ್ಯಾಂಗಿನವರು ಮರಳಿನ ಚೀಲ ಒಟ್ಟಿದರು. ಉಳಿದ ಏರಿ ಅಲುಗಲಿಲ್ಲ. ನೀರು ಬೇಗ ಇಳಿಯಿತು; ಹಳಿ ಪರೀಕ್ಷೆಗೆಂದು ಒಂದೇ ದಿನ ನಿಂತ ರೈಲು, ಮರುದಿನ ನಿಧಾನವಾಗಿ ಬಂತು. ಈ ಸಲ ಗಂಡ ತನ್ನ ಕಾಲಲ್ಲೇ ನಡೆದು ಆಸ್ಪತ್ರೆಯ ಮೆಟ್ಟಿಲು ಹತ್ತಿದ.

ನಿಮ್ಮೂರ ಪಕ್ಕದಲ್ಲೂ ಹೊಳೆ ಇದೆಯೇ, ಹಳಿ ಇದೆಯೇ? ಏರಿಯ ಮೇಲೆ ಆಡು-ದನ ಮೇಯಿಸಬೇಡಿ, ಅಲ್ಲಿಂದ ಮಣ್ಣು ತೆಗೆಯಬೇಡಿ, ಮೋರಿಗೆ ಕಸ ಹಾಕಬೇಡಿ. ಬಿರುಕೋ ಕುಸಿತವೋ ಕಂಡರೆ ಕೂಡಲೇ ಹತ್ತಿರದ ಸ್ಟೇಷನ್ನಿಗೆ ತಿಳಿಸಿ. ಮುಂದೆ ಬರುವ ರೈಲಿನಲ್ಲಿ ನಿಮ್ಮ ಮನೆಯವರೇ ಇರಬಹುದು.