ಕಂಪ್ಯೂಟರಿಗೆ ಹೊಲಿದ ಮಖಮಲ್ ಅಂಗಿ

ಬಳ್ಳಾರಿಯ ಮುಜಾಫರ್‌ಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಯಾವುದೂ ಇರಲಿಲ್ಲ. ಹಾಗಂತ ಬೇರೆ ಯಾರೂ ಹೇಳುತ್ತಿರಲಿಲ್ಲ, ಅವನೇ ಹೇಳಿಕೊಳ್ಳುತ್ತಿದ್ದ. ಅವನದೊಂದು ವಿಡಿಯೋ ಸ್ಟುಡಿಯೋ ಇತ್ತು, ಮೂರು ಕ್ಯಾಮೆರಾ ಇದ್ದವು, ಒಂದು ಡ್ರೋನ್ ಇತ್ತು, ಮದುಮಕ್ಕಳಿಗೂ ನೆಂಟರಿಗೂ ನಡುವೆ ಗೋಡೆಯಂತೆ ನಿಲ್ಲಬಲ್ಲ ಅಗಲವಾದ ಬೆನ್ನೂ ಇತ್ತು. ಎಡಿಟಿಂಗ್ ಮಾತ್ರ ಬರುತ್ತಿರಲಿಲ್ಲ. ಬರುವುದಿಲ್ಲ ಅಂತ ಒಪ್ಪಿಕೊಳ್ಳುವ ಬದಲು ಅವನು 'ಟೈಮಿಲ್ಲ' ಅನ್ನುತ್ತಿದ್ದ.

ಅವನಿಗೆ ಟೈಮಿಲ್ಲದ ಆ ಕೆಲಸವನ್ನು ಸಿರುಗುಪ್ಪದಲ್ಲಿ ಕೂತು ಮಾಡುತ್ತಿದ್ದವಳು ಅವನ ಅಕ್ಕ ಫಕೀರಬಿಯ ಮಗಳು ಸುಹಾನಾ. ಬಿ.ಕಾಂ. ಮುಗಿಸಿದ್ದಳು, ಫೋನಿನಲ್ಲಿ ನೋಡಿ ನೋಡಿಯೇ ಎಡಿಟಿಂಗ್ ಕಲಿತಿದ್ದಳು. ಮುಜಾಫರ್ ಹೊಸ ಕಂಪ್ಯೂಟರ್ ಕೊಂಡ ವಾರ ಹಳೆಯದನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದು, ಹಬ್ಬದ ಉಡುಗೊರೆ ಕೊಡುವವನ ಗತ್ತಿನಲ್ಲಿ ಇವರ ಮನೆಗೆ ಇಳಿಸಿದ್ದ.

"ನಾಕು ಮದುವಿ ಎಡಿಟ್ ಮಾಡಿ ಕೊಡು ಸುಹಾನಾ. ನಾಕು ಮುಗಿದ್ವು ಅಂದ್ರ ಇದು ನಿಂದು. ಒಂದೇ ಒಂದು ಮದುವಿ ಟೈಮಿಗೆ ಬರ್ಲಿಲ್ಲ ಅಂದ್ರ ಬಂದ ಕಾರಿನ್ಯಾಗ ವಾಪಸ್."

ಅಕ್ಕನಿಗೂ ಒಂದು ಅಪ್ಪಣೆಯಾಗಿತ್ತು. ಇವರ ಮನೆ ಇದ್ದದ್ದು ರೈಸ್ ಮಿಲ್ಲಿನ ಹಿಂದಿನ ಓಣಿಯಲ್ಲಿ. ಸುಗ್ಗಿ ಬಂತೆಂದರೆ ತೌಡಿನ ಧೂಳು ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚಿಟ್ಟ ತಾಟಿನ ಕೆಳಗೆ, ಮಲಗಿದವರ ಹುಬ್ಬಿನಲ್ಲಿ ಎಲ್ಲೆಲ್ಲೂ ಇರುತ್ತಿತ್ತು.

"ಅಕ್ಕಾ, ಇದರ ಮ್ಯಾಲ ಧೂಳು ಬೀಳಬಾರ್ದು ನೋಡು. ಮೈತುಂಬ ಒಂದು ಹೊದಿಕಿ ಹೊಲಿ. ಚಾಲೂ ಇರ್ಲಿ, ಬಂದ್ ಇರ್ಲಿ, ತೆಗಿಬ್ಯಾಡ. ಮತ್ತ ಪೆಟಿಗಿ ಯಾರೂ ಬಿಚ್ಚಬ್ಯಾಡ್ರಿ, ಒಳಗಿನ ಸಾಮಾನು ಭಾಳ ನಾಜೂಕು."

ಫಕೀರಬಿ ಓಣಿಗೇ ಹೆಸರಾದ ಹೊಲಿಗೆಯವಳು. ಯಾವುದೋ ಮದುವಣಗಿತ್ತಿಯ ರವಿಕೆಗೆ ತಂದು ಉಳಿದಿದ್ದ ಕಡುಗೆಂಪು ಮಖಮಲ್ಲಿಗೆ ಒಳಗೆ ದಪ್ಪ ಅಸ್ತರು ಕೊಟ್ಟಳು, ಅಂಚಿಗೆ ಜರಿ ಕೊಟ್ಟಳು, ಹಿಂದುಗಡೆ ವೈರು ಹೊರಬರಲು ಮಾತ್ರ ಒಂದು ಕಾಜಾ ಬಿಟ್ಟಳು. ತಮ್ಮ ಹೇಳಿದ್ದಾನೆಂದರೆ ಮುಗಿಯಿತು. ಕಂಪ್ಯೂಟರಿನ ಪೆಟ್ಟಿಗೆ ಮೂಲೆಯಲ್ಲಿ ಮದುಮಗಳಂತೆ ಮುಸುಕು ಹಾಕಿಕೊಂಡು ಕೂತಿತು.

ಮೂರು ಮದುವೆ ಸಲೀಸಾಗಿ ಮುಗಿದವು. ನಾಲ್ಕನೆಯದು ಕುರುಗೋಡಿನ ಗವಿಸಿದ್ದಪ್ಪನ ಮಗಳದ್ದು. ಮದುವೆ ಕುರುಗೋಡಿನಲ್ಲೇ ಆಗಿತ್ತು, ರಿಸೆಪ್ಷನ್ ಬಳ್ಳಾರಿಯಲ್ಲಿ, ಶುಕ್ರವಾರ ಸಂಜೆ. ಅಲ್ಲಿ ಗೋಡೆಯಗಲದ ಪರದೆಯ ಮೇಲೆ ಎಂಟು ನಿಮಿಷದ ಮದುವೆ ಸಿನಿಮಾ ತೋರಿಸುವುದಾಗಿ ಮುಜಾಫರ್ ಮಾತು ಕೊಟ್ಟುಬಿಟ್ಟಿದ್ದ. "ಫೋರ್ ಕೆ, ಫೋರ್ ಕೆ" ಅಂತ ಗವಿಸಿದ್ದಪ್ಪನ ಕಿವಿ ತುಂಬಿದ್ದ. ಫೋರ್ ಕೆ ಅಂದರೆ ಏನು ಅಂತ ಗವಿಸಿದ್ದಪ್ಪನಿಗೂ ಗೊತ್ತಿರಲಿಲ್ಲ, ಹಾಗೆ ನೋಡಿದರೆ ಮುಜಾಫರ್‌ಗೂ ಅಷ್ಟಕ್ಕಷ್ಟೇ. ಆ ನೆಂಟರೆಲ್ಲ ಕೊನೆಗೆ ಅದನ್ನು ನೋಡುವುದು ಬಿರುಕುಬಿಟ್ಟ ಫೋನಿನ ಗಾಜಿನಲ್ಲಿ ಅಂತ ಸುಹಾನಾಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಕೆಲಸಕ್ಕೆ ಕೂತಳು. ಹತ್ತು ನಿಮಿಷ ಎಲ್ಲಾ ನೀರು ಹರಿದಂತೆ ಹರಿಯಿತು. ಆಮೇಲೆ ವಿಡಿಯೋ ಕುಂಟತೊಡಗಿತು. ತಾಳಿ ಹಿಡಿದ ವರನ ಕೈ ವಧುವಿನ ಕಿವಿಯ ಹತ್ತಿರ ನಿಂತುಬಿಟ್ಟಿತು. ಎಸೆದ ಅಕ್ಕಿಕಾಳು ಗಾಳಿಯಲ್ಲೇ ತೂಗಿದವು. ವಾಲಗ ಮಾತ್ರ ನಿಲ್ಲದೆ ಮುಂದಕ್ಕೆ ಓಡಿತು. ಚಿತ್ರ ಎಚ್ಚೆತ್ತು ಜಿಗಿಯುವಷ್ಟರಲ್ಲಿ ತಾಳಿ ಕಟ್ಟಿಯಾಗಿ, ಯಾರೋ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಲ್ಲಿ ಕತ್ತರಿಸಬೇಕು, ಎಲ್ಲಿ ಹಚ್ಚಬೇಕು ಒಂದೂ ತಿಳಿಯದು. ಕಣ್ಣು ಕಟ್ಟಿಕೊಂಡು ಹೊಲಿಗೆ ಹಾಕಿದ ಹಾಗೆ.

ಮುಜಾಫರ್‌ಗೆ ಹೇಳಿದಳು. ಆವತ್ತಿನಿಂದ ಅವನ ಧ್ವನಿ ಸಂದೇಶಗಳು ಶುರುವಾದವು. ಪ್ಲೇಬ್ಯಾಕ್ ಗುಣಮಟ್ಟವನ್ನು ಕಾಲು ಭಾಗಕ್ಕೆ ಇಳಿಸು ಅಂದ. ಇಳಿಸಿದಳು. ವರನ ಮುಖ ಕಲಸಿದ ಹಿಟ್ಟಿನಂತಾಯಿತು, ಕುಂಟುವುದು ನಿಲ್ಲಲಿಲ್ಲ. ಸಾಫ್ಟ್‌ವೇರ್ ಕೂಡಿಟ್ಟ ತಾತ್ಕಾಲಿಕ ಫೈಲುಗಳನ್ನು ಅಳಿಸು ಅಂದ. ಅಳಿಸಿದಳು. ಪ್ರಾಕ್ಸಿ ಮಾಡು, ಅಂದರೆ ದೊಡ್ಡ ವಿಡಿಯೋಗಳಿಗೆಲ್ಲ ಸಣ್ಣ ಸಣ್ಣ ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡು ಅಂದ. ಮಂಗಳವಾರ ಇಡೀ ದಿನ ಅದಕ್ಕೇ ಹೋಯಿತು. ನಕಲೂ ಅಸಲಿನಷ್ಟೇ ನಿಷ್ಠೆಯಿಂದ ಕುಂಟಿತು. ಬುಧವಾರ ಸಾಫ್ಟ್‌ವೇರನ್ನೇ ಕಿತ್ತು ಮತ್ತೆ ಹಾಕಿದ್ದಾಯಿತು. ಅಷ್ಟು ಹೊತ್ತಿಗೆ ಸುಹಾನಾಗೆ ಒಂದು ವಿಷಯ ಹೊಳೆದಿತ್ತು. ಮಾವನ ಉಪದೇಶಗಳೆಲ್ಲ ಅವಳು ಭಾನುವಾರವೇ ನೋಡಿದ್ದ ಒಂದು ಯೂಟ್ಯೂಬ್ ವಿಡಿಯೋದಿಂದ ಬರುತ್ತಿದ್ದವು, ಅದೂ ಸಾಲು ತಪ್ಪದಂತೆ. ಮುಂದಿನದು 'ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ' ಅಂತ ಅವಳು ಮೊದಲೇ ಊಹಿಸಿದಳು. ಬುಧವಾರ ಸಂಜೆ ಅದೇ ಬಂತು.

ಈ ನಡುವೆ ಸೋಮವಾರ ಇನ್ನೊಂದು ಮಾತು ನಡೆದಿತ್ತು. ಅವಳಪ್ಪ ಖಾದರಸಾಬ್ ಆ ರೈಸ್ ಮಿಲ್ಲಿನಲ್ಲೇ ಇಪ್ಪತ್ತಾರು ವರ್ಷದಿಂದ ಫಿಟ್ಟರ್. ಊಟಕ್ಕೆ ಬಂದವನು ತಾಟಿನ ಮುಂದೆ ಕೂತು, ತುತ್ತು ಎತ್ತದೆ, ಮೂಲೆಯ ಕಡೆ ಕಿವಿ ಕೊಟ್ಟ.

"ಸುಹಾನಾ, ಅದರ ಫ್ಯಾನಿಗೆ ಉಸಿರು ಕಟ್ಟೈತಿ ನೋಡು. ನಮ್ಮ ಬ್ಲೋವರ್ ತೌಡು ತುಂಬಿ ಕಟ್ಟಿಕೊಂಡಾಗ ಹಿಂಗಾ ಒದರತೈತಿ."

"ಅಪ್ಪಾ, ಇದೇನು ರೈಸ್ ಮಿಲ್ ಅಲ್ಲ," ಅಂದಿದ್ದಳು ಸುಹಾನಾ, ಪರದೆಯಿಂದ ಕಣ್ಣು ಸಹ ತೆಗೆಯದೆ. "ಇದು ಸಾಫ್ಟ್‌ವೇರ್ ಪ್ರಾಬ್ಲಮ್. ನಿನಗ ಗೊತ್ತಾಗಾಂಗಿಲ್ಲ."

ಖಾದರಸಾಬ್ ಉಂಡು, ಕೈ ತೊಳೆದು, ಮಿಲ್ಲಿಗೆ ಹೋಗಿದ್ದ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಮುಜಾಫರ್‌ನ ಕಾರು ಓಣಿಯಲ್ಲಿ ನಿಂತಿತು. ಬಿಳಿ ಅಂಗಿ, ಕಪ್ಪು ಕನ್ನಡಕ, ಎರಡು ಮನೆಯಾಚೆಗೂ ಹೋಗುವ ಅತ್ತರು.

"ಎಲ್ಲಿ ತೋರ್ಸು," ಅಂತ ಕುರ್ಚಿಯಿಂದ ಅವಳನ್ನು ಎಬ್ಬಿಸಿ ತಾನು ಕೂತ. ಕಂಪ್ಯೂಟರ್ ಆಗಷ್ಟೇ ಹಚ್ಚಿದ್ದು. ವಿಡಿಯೋ ನೀರಿನಂತೆ ಓಡಿತು. ಮುಜಾಫರ್ ಕನ್ನಡಕ ತಲೆಯ ಮೇಲೇರಿಸಿ ನಕ್ಕ. "ನೋಡು ಅಕ್ಕಾ, ನಾ ಕೈ ಹಚ್ಚೀನಿ, ಓಡಾಕತ್ತು. ಯಂತ್ರಕ್ಕೂ ಯಜಮಾನ ಯಾರು ಅನ್ನೋದು ಗೊತ್ತಿರ್ತೈತಿ."

"ಹತ್ತು ನಿಮಿಷ ತಡೀರಿ ಮಾಮಾ," ಅಂದಳು ಸುಹಾನಾ.

ಫಕೀರಬಿ ತಂದಿಟ್ಟ ಚಹಾ ಮುಗಿಯುವಷ್ಟರಲ್ಲಿ ವರನ ಕೈ ಹಳೆಯ ಜಾಗದಲ್ಲೇ ನಿಂತಿತು. ಮುಜಾಫರ್ ಮೌಸನ್ನು ಒತ್ತಿದ, ಕುಟ್ಟಿದ, ಎತ್ತಿ ಅದರ ಹೊಟ್ಟೆ ನೋಡಿದ. ಆಮೇಲೆ ತಪ್ಪು ಯಾರದೆಂದು ತೀರ್ಮಾನ ಮಾಡಿದ.

"ಏನೇನೋ ಒತ್ತಿ ಕೆಡಿಸಿಟ್ಟೀಯಲ್ಲಬೇ! ನನ್ನ ಹತ್ರ ಆರು ವರ್ಷ ಕುದುರಿ ಓಡಿದಂಗ ಓಡೈತಿ ಇದು. ಇಲ್ಲಿ ಬಂದು ಕತ್ತಿ ಆತು."

"ನೀವು ಹೇಳಿದ್ದನ್ನ ಒತ್ತೀನಿ. ಎಲ್ಲಾ ನಿಮ್ಮ ಧ್ವನಿಯಾಗ ಅದಾವು, ಕೇಳಸ್ಲೇನು?"

"ಬಾಯಿಗೇನು ಕಡಿಮಿಲ್ಲ. ನಾಳಿ ಸಂಜಿಗೆ ಗವಿಸಿದ್ದಪ್ಪಗ ನಾ ಏನು ತೋರಿಸ್ಲಿ, ನಿನ್ನ ಬಾಯಿ ತೋರಿಸ್ಲೇನು?" ಮುಜಾಫರ್ ಎದ್ದು ನಿಂತ. "ಇದಾತು, ಬಿಡು. ಬಳ್ಳಾರಿಗೆ ಒಯ್ದು ಯಾರ ಕಡೇನಾದ್ರೂ ಮಾಡಿಸ್ತೀನಿ. ಮಾತಂದ್ರ ಮಾತು, ಬಂದ ಕಾರಿನ್ಯಾಗ ವಾಪಸ್."

ಸುಹಾನಾ ಅವ್ವನ ಕಡೆ ನೋಡಿದಳು. ಅವ್ವ ತಮ್ಮನ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು. ಮೂರು ಮದುವೆ, ಒಟ್ಟು ಐದು ತಿಂಗಳ ಕೆಲಸ. ಒಂದರಲ್ಲೂ ಇವಳ ಹೆಸರಿಲ್ಲ, ಎಲ್ಲದರ ಕೊನೆಯಲ್ಲೂ ಮುಜಾಫರ್‌ನ ಹೆಸರು ಬಂಗಾರದ ಅಕ್ಷರದಲ್ಲಿ ತಿರುಗಿ ತಿರುಗಿ ಬರುತ್ತದೆ. ಕಂಪ್ಯೂಟರ್ ಹೋದರೆ ಆ ಐದು ತಿಂಗಳು ನಡೆದೇ ಇಲ್ಲ ಅಂದ ಹಾಗೆ.

ಮುಜಾಫರ್ ಆಗಲೇ ವೈರು ಕೀಳತೊಡಗಿದ್ದ. ಆ ಹೊತ್ತಿಗೆ ಖಾದರಸಾಬ್ ಮೊದಲ ಪಾಳಿ ಹಚ್ಚಿಕೊಟ್ಟು ನಾಷ್ಟಾಕ್ಕೆಂದು ಬಂದು ಬಾಗಿಲಲ್ಲಿ ನಿಂತ. ಹುಬ್ಬಿನಿಂದ ಹೆಬ್ಬೆರಳಿನ ತನಕ ತೌಡಿನ ಬಣ್ಣ.

"ಮುಜಾಫರ್, ಒಯ್ಯಾಕಿಂತ ಮದ್ಲ ಅದರ ಫ್ಯಾನ್ ಬಿಚ್ಚಿ ನೋಡಬಾರ್ದೇನಪ? ಉಸಿರು ಕಟ್ಟೈತಿ ಅದಕ್ಕ."

ಮುಜಾಫರ್ ನಕ್ಕ. ಪಾಪ ಅನ್ನುವಂಥ ನಗು.

"ಭಾವಾ, ಇದೇನು ರೈಸ್ ಮಿಲ್ ಅಲ್ಲ. ಇದು ಕಂಪ್ಯೂಟರ್. ನಿಮಗ ಗೊತ್ತಾಗಾಂಗಿಲ್ಲ."

ಸುಹಾನಾಳ ಕಿವಿ ಬಿಸಿಯಾಯಿತು. ಅದೇ ಮಾತು. ಮಾತಿನ ಹಿಂದಿನ ಗತ್ತು ಕೂಡ ಅದೇ. ಇಷ್ಟು ದಿನ ಮಾವನನ್ನು ಎಷ್ಟು ತುಚ್ಛವಾಗಿ ಕಂಡಿದ್ದಳೋ ಅಷ್ಟನ್ನೂ ಸೋಮವಾರದ ತನ್ನ ಮೇಲೆ ಹಾಕಿಕೊಳ್ಳಬೇಕಾಯಿತು.

ಮುಜಾಫರ್ ಪೆಟ್ಟಿಗೆಯನ್ನು ಮಖಮಲ್ ಅಂಗಿ ಸಮೇತ ಎದೆಗವುಚಿಕೊಂಡು ಎತ್ತಿದ. ಕಾರಿಗೆ ಒಯ್ಯುವಂತೆ ಹಿಂದಕ್ಕೆ ವಾಲಿಸಿದ. ಹಿಂದಿನ ಕಾಜಾದಿಂದ, ಚೀಲದ ಮೂತಿ ಬಿಚ್ಚಿದಂತೆ, ಬೆಚ್ಚನೆಯ ತೌಡು ಸುರಿಯಿತು. ಬಿಳಿ ಅಂಗಿಯ ಮೇಲೆ, ಪ್ಯಾಂಟಿನ ಮೇಲೆ, ಬೂಟಿನೊಳಗೆ.

"ಥೂ! ಏನಿದು?"

"ತೌಡು," ಅಂದ ಖಾದರಸಾಬ್. "ನಿನಗ ಗೊತ್ತಾಗಾಂಗಿಲ್ಲ."

ಸುಹಾನಾ ಮುಂದೆ ಹೋಗಿ ಪೆಟ್ಟಿಗೆಗೆ ಕೈ ಹಾಕಿದಳು. "ಕೆಳಗ ಇಡ್ರಿ ಮಾಮಾ. ಹಚ್ಚಿದ ಹತ್ತು ನಿಮಿಷ ಚಲೋ ಓಡಿ ಆಮ್ಯಾಲ ಕುಂಟತೈತಿ ಅಂದ್ರ ಅದು ಬಿಸಿಯಾಗಿ ಕುಂಟಾಕತ್ತೈತಿ. ಮಧ್ಯಾಹ್ನದ ತನಕ ಟೈಮ್ ಕೊಡ್ರಿ. ಆಗಲಿಲ್ಲ ಅಂದ್ರ ನಾನಾ ಹೊತ್ಕೊಂಡು ಬಂದು ಕಾರಿನ್ಯಾಗ ಇಡ್ತೀನಿ."

ಬೂಟು ಕೊಡವಿಕೊಳ್ಳಲು ಮುಜಾಫರ್‌ಗೆ ಎರಡೂ ಕೈ ಬೇಕಾಗಿದ್ದರಿಂದ ಪೆಟ್ಟಿಗೆ ಕೆಳಗೆ ಬಂತು.

ಪೆಟ್ಟಿಗೆಯ ಮಖಮಲ್ ಅಂಗಿ ತೆಗೆದರು. ಖಾದರಸಾಬ್ ಜೇಬಿನ ಸ್ಕ್ರೂಡ್ರೈವರಿನಿಂದ ಎರಡು ತಿರುಪು ಬಿಚ್ಚಿ ಪಕ್ಕದ ತಗಡು ಸರಿಸಿದ. ಒಳಗಿನ ಫ್ಯಾನು ಕಾಣಲೇ ಇಲ್ಲ. ಅದರ ಕೆಳಗೆ, ಬಿಸಿ ಹೊರಗೆ ಹೋಗಲೆಂದು ಬಾಚಣಿಗೆಯ ಹಲ್ಲಿನಂತೆ ಮಾಡಿದ್ದ ಅಲ್ಯೂಮಿನಿಯಂ ಸಂದುಗಳಲ್ಲಿ ತೌಡು, ಎಳೆ, ಮಖಮಲ್ಲಿನ ಜುಂಗು ಎಲ್ಲ ಸೇರಿ ಕಂಬಳಿಯಾಗಿತ್ತು. ಖಾದರಸಾಬ್ ಅದನ್ನು ಚಿವುಟಿ ಎತ್ತಿದ. ಒಂದೇ ತುಂಡಾಗಿ ಬಂತು.

"ಗಾಳಿ ಒಳಗ ಎಳಕೊಳ್ಳಾಕ ಜಾಗ ಇಲ್ಲ, ಬಿಟ್ಟದ್ದು ಹೋಗಾಕ ಜಾಗ ಇಲ್ಲ," ಅಂದ. "ಹಿಂದಿನ ಕಾಜಾದಾಗ ಬಂದ ತೌಡೆಲ್ಲ ಅಸ್ತರದಾಗ ಕುಂತೈತಿ. ಬೆಂಕಿ ಹತ್ತಬಾರ್ದಂತ ಕಂಪ್ಯೂಟರ್ ತಾನಾ ನಿಧಾನ ಆಗೈತಿ. ಅದಕ್ಕರ ಬುದ್ಧಿ ಐತಿ."

ಮಿಲ್ಲಿನ ಬಣ್ಣದ ಕುಂಚ ತಂದ, ಸೈಕಲ್ ಪಂಪು ತಂದ. ಫ್ಯಾನು ತಿರುಗದಂತೆ ಹೆಬ್ಬೆರಳಿನಿಂದ ಹಿಡಿದು ಸಂದು ಸಂದಿಗೂ ಗಾಳಿ ಹೊಡೆದ. ಸುಹಾನಾ ಪಂಪು ಒತ್ತಿದಳು. ಮುಜಾಫರ್ ಬಾಗಿಲಲ್ಲಿ ನಿಂತು, "ಸಾವಕಾಶ, ಸಾವಕಾಶ" ಅಂತ ತನ್ನ ಕೊಡುಗೆ ಕೊಟ್ಟ.

ಹಚ್ಚಿದರು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ವರನ ಕೈ ವಧುವಿನ ಕಿವಿ ದಾಟಿ ಕತ್ತಿನ ಹಿಂದೆ ಹೋಯಿತು, ಗಂಟು ಬಿತ್ತು, ವಾಲಗಕ್ಕೆ ಸರಿಯಾಗಿ ಅಕ್ಕಿಕಾಳು ನೆಲಕ್ಕೆ ಬಿದ್ದವು.

"ಅಪ್ಪಾ," ಅಂದಳು ಸುಹಾನಾ. "ಸೋಮವಾರ ನಾ..."

"ನಾಷ್ಟಾ ಹಾಕ್ರಿ," ಅಂದ ಖಾದರಸಾಬ್. "ಮಿಲ್ ನಿಂತಿರ್ತೈತಿ ಅಲ್ಲಿ."

ಮೂರು ಗಂಟೆಗೆ ಎಂಟು ನಿಮಿಷದ ಸಿನಿಮಾ ತಯಾರಾಯಿತು. ಅಷ್ಟರಲ್ಲಿ ಮುಜಾಫರ್ ಅಕ್ಕನ ಕೈಯ ಬಿರಿಯಾನಿ ಉಂಡು, ಒಂದು ನಿದ್ದೆ ತೆಗೆದು, ಏನು ನಡೆಯಿತು ಅನ್ನುವುದನ್ನು ತನಗೆ ಬೇಕಾದ ಹಾಗೆ ಜೋಡಿಸಿಕೊಂಡಿದ್ದ. ಆ ಎಡಿಟಿಂಗ್ ಅವನಿಗೆ ಚೆನ್ನಾಗಿ ಬರುತ್ತಿತ್ತು.

"ನಾ ಮದ್ಲ ದಿನಾನ ಹೇಳಿದ್ನಿಲ್ಲೋ, ಧೂಳು ಬೀಳಬಾರ್ದಂತ? ಧೂಳೇ ಆತು ನೋಡು."

ಫಕೀರಬಿಯ ಮುಖ ಸಣ್ಣಗಾಗಿತ್ತು. "ನಾ ಹೊಲ್ದ ಅಂಗಿದೇನರ ತಪ್ಪಾತೇನೋ ತಮ್ಮಾ?"

ಹೌದು ಅಂದರೆ ಹೊಲಿಯಲು ಹೇಳಿದವನದೂ ತಪ್ಪಾಗುತ್ತದೆ. ಮುಜಾಫರ್ ಕೈ ಆಡಿಸಿಬಿಟ್ಟ. "ಛೇ ಛೇ! ಅಂಗಿ ಭೇಷ್ ಐತಿ ಅಕ್ಕಾ. ಅದು ಇದ್ದುದ್ದಕ್ಕ ಇಷ್ಟರ ಉಳೀತು. ಎಲ್ಲಾ ಈ ಮಿಲ್ಲಿನ ಧೂಳಿಂದ." ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಸುಹಾನಾಳ ಕಡೆ ತಿರುಗಿದ. "ಮುಂದಿನ ವಾರ ಇನ್ನೊಂದು ಸಣ್ಣ ಮದುವಿ ಐತಿ. ಕಳಿಸ್ತೀನಿ."

"ನಾಕು ಮುಗಿದ್ವು ಮಾಮಾ. ಕಂಪ್ಯೂಟರ್ ನಂದು. ಐದನೇದಕ್ಕ ನನ್ನ ಹೆಸರು ಹಾಕ್ತೀರಿ ಅಂದ್ರ ಕಳಿಸ್ರಿ, ಇಲ್ಲಂದ್ರ ನಿಮಗ ಟೈಮ್ ಸಿಕ್ಕಾಗ ನೀವಾ ಮಾಡ್ರಿ." ಸುಹಾನಾ ಮಖಮಲ್ ಅಂಗಿಯನ್ನು ಕೊಡವಿ, ಮಡಚಿ, ಜರಿ ಮೇಲೆ ಬರುವಂತೆ ಅವನ ಕೈಗಿಟ್ಟಳು. "ಮತ್ತ ಇದನ್ನ ಒಯ್ರಿ. ಅಷ್ಟು ಭೇಷ್ ಇರೋದು ಇಲ್ಯಾಕ? ನಿಮ್ಮ ಹೊಸಾ ಕಂಪ್ಯೂಟರಿಗೆ ಅಳತಿ ಸರಿ ಹೊಂದತೈತಿ."

ಫಕೀರಬಿಯ ಮುಖ ಅರಳಿತು. "ಹೌದಲ್ಲ! ಒಯ್ಯಿ ತಮ್ಮಾ. ಹಾಕಿ ಫೋಟೋ ಕಳಿಸು ಮತ್ತ, ನಾ ನೋಡಬೇಕು."

ಮುಜಾಫರ್ ಅಂಗಿ ನೋಡಿದ, ಅಕ್ಕನನ್ನು ನೋಡಿದ. ಅಂಗಿ ಭೇಷ್ ಅಂತ ಅವನೇ ಆಗಲೇ ಹೇಳಿಬಿಟ್ಟಿದ್ದ. ಬಗಲಲ್ಲಿ ಸಿಕ್ಕಿಸಿಕೊಂಡು ಕಾರು ಹತ್ತಿದ.

ಶುಕ್ರವಾರ ಮಧ್ಯಾಹ್ನ ಫಕೀರಬಿಯ ಫೋನಿಗೆ ಫೋಟೋ ಬಂತು. ಸ್ಟುಡಿಯೋದ ಮೇಜಿನ ಪಕ್ಕ ಹೊಸ ಕಂಪ್ಯೂಟರ್, ಕೆಂಪು ಮಖಮಲ್ಲಿನಲ್ಲಿ ಮೈತುಂಬ ಮುಸುಕು, ಮೇಜಿನ ಮೇಲಿನ ಪರದೆ ಬೆಳಗಿದೆ, ಅಂದರೆ ಓಡುತ್ತಿದೆ. ಫಕೀರಬಿ ಅದನ್ನು ಓಣಿಯಲ್ಲಿ ಮೂರು ಮನೆಗೆ ತೋರಿಸಿ ಬಂದಳು.

ಸುಹಾನಾ ಕೂಡ ನೋಡಿದಳು. ಅವಳ ಬದಿಯಲ್ಲಿ ಬೆತ್ತಲೆ ಪೆಟ್ಟಿಗೆ ತಣ್ಣಗೆ ಉಸಿರಾಡುತ್ತಿತ್ತು, ಮೇಲಿನ ಮೊಳೆಗೆ ಅಪ್ಪನ ಕುಂಚ ತೂಗುಹಾಕಿತ್ತು. ಮಾವನಿಗೆ ಒಂದು ಮಾತು ಹೇಳೋಣ ಅನ್ನಿಸಿ ಫೋನು ಎತ್ತಿಕೊಂಡಳು. ಆಮೇಲೆ ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲವಲ್ಲ ಅನ್ನುವುದು ನೆನಪಾಗಿ ಕೆಳಗಿಟ್ಟಳು.