ಹತ್ತು ನಿಮಿಷದ ಮಾತು

ಪುಟ್ಟರಾಜು ಚೀನೀ ಭಾಷೆ ಕಲಿಯಲು ಕೂತದ್ದು ಸಿಟ್ಟಿನಿಂದ.

ಅವನ ತಮ್ಮ ಶಶಿಧರ ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದವನು. ಚೀನಾದ ಬಂದರೊಂದರಲ್ಲಿ ಜಗಳವಾಗಿ, ಶಶಿಧರ ಹೊಡೆದ ಒಂದೇ ಏಟಿಗೆ ಎದುರಿನವನು ಬಿದ್ದು ಸತ್ತ. ಮನೆತನದ ಕೋಪ ಅಲ್ಲಿಗೂ ಹೋಗಿತ್ತು. ಕೆಳಗಿನ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಉಳಿದದ್ದು ಮೇಲ್ಮನವಿಯೊಂದೇ. ಅದರಲ್ಲಿ ಮಗ ಬಿಡುಗಡೆಯಾಗಿ ಬರುತ್ತಾನೆಂದು ಅವ್ವ ದೇವಿರಮ್ಮ ನಂಬಿಕೊಂಡಿದ್ದಳು.

ಅಲ್ಲಿನ ವಕೀಲ ಆಗಾಗ ನಿಡಘಟ್ಟದ ಮನೆಗೆ ವೀಡಿಯೊ ಕಾಲ್ ಮಾಡುತ್ತಿದ್ದ. ಬೆಂಗಳೂರಿನಿಂದ ಅಮೃತ ಎಂಬ ಹುಡುಗಿ ಅದೇ ಕಾಲ್‌ಗೆ ಸೇರಿ ಕನ್ನಡದಲ್ಲಿ ತಿಳಿಸುತ್ತಿದ್ದಳು. ಒಮ್ಮೆ ವಕೀಲ ಹತ್ತು ನಿಮಿಷ ಮಾತಾಡಿದ. ಅಮೃತ, "ಪ್ರಯತ್ನ ನಡೀತಿದೆ ಅಂತಾರೆ ಅಣ್ಣ," ಎಂದಳು.

"ಹತ್ತು ನಿಮಿಷ ಮಾತಾಡಿದ್ದು ಅಷ್ಟೇಯಾ? ನಮ್ಮನ್ನೇನು ದಡ್ರು ಅನ್ಕಂಡಿದ್ದೀಯೇನಮ್ಮ?" ಪುಟ್ಟರಾಜು ಹರಿಹಾಯ್ದ. ಏನೋ ಹೇಳಹೊರಟವಳು ಅವನ ಪಕ್ಕದಲ್ಲಿ ಕೂತಿದ್ದ ದೇವಿರಮ್ಮನನ್ನೊಮ್ಮೆ ನೋಡಿ ತಡೆದಳು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಮಗಳ ಹಳೇ ನೋಟ್‌ಬುಕ್ ಹುಡುಕಿ ತೆಗೆದ. ಮೊಬೈಲಿನಲ್ಲಿ ಪಾಠ ಹಾಕಿಕೊಂಡು, ಕೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡ. ಊಟ, ನೀರು, ನಮಸ್ಕಾರ ಯಾವುದೂ ಅವನಿಗೆ ಬೇಕಿರಲಿಲ್ಲ. ಫಾಯುವಾನ್ ಎಂದರೆ ಕೋರ್ಟು. ಜಂಗ್‌ಫು, ಸರ್ಕಾರ. ಶಾಂಗ್‌ಸು, ಮೇಲ್ಮನವಿ. ಬೋಹುಯಿ, ವಜಾ. ಹಾಲು ಕರೆಯುವಾಗಲೂ ಅದೇ ಜಪ.

"ಏನ್ಲಾ, ಎಮ್ಮೆಗೂ ಚೀನಾ ಕಾನೂನು ಏಳ್ಕೊಡ್ತಿದ್ದೀಯಾ?" ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ ಪಕ್ಕದ ಮನೆಯ ಮಹದೇವು ನಕ್ಕ.

"ನಿನ್ಗಿಂತ ಬಿರ್ರನೆ ಕಲೀತದೆ ಬುಡ್ಲಾ."

ಮೂರು ತಿಂಗಳಾದ ಮೇಲೆ ಒಂದು ಬುಧವಾರ ಕಾಲ್ ಬಂತು. ಮೊಬೈಲನ್ನು ಚೊಂಬಿಗೆ ಒರಗಿಸಿ ತಾಯಿ ಮಗ ಕೂತರು. ವಕೀಲ ಕಾಗದ ನೋಡಿಕೊಂಡು ಓದತೊಡಗಿದ.

ಫಾಯುವಾನ್. ಪುಟ್ಟರಾಜುಗೆ ತಿಳಿಯಿತು. ಎದೆ ಉಬ್ಬಿತು. ಶಾಂಗ್‌ಸು. ಅದೂ ತಿಳಿಯಿತು.

ಬೋಹುಯಿ.

ತಾನೇ ತಪ್ಪು ಕೇಳಿಸಿಕೊಂಡೆನೇನೋ ಎಂದು ಕಾದ. ವಕೀಲ ಇನ್ನೊಮ್ಮೆ ಅಂದ. ಆಮೇಲೆ, ವೂಚೀ ಥೂಶಿಂಗ್. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದು, ಬಾಯಿಪಾಠ ಮಾಡಲು ಮನಸ್ಸಾಗದೆ ಬಿಟ್ಟಿದ್ದ ಮಾತು: ಜೀವಾವಧಿ.

ಅಮೃತ ಬಾಯಿ ತೆರೆದವಳು ದೇವಿರಮ್ಮನ ಮುಖ ಕಂಡು ತಡೆದಳು. ಅವತ್ತೂ ಅವಳು ಹೀಗೇ ತಡೆದಿದ್ದಳೆಂದು ಅವನಿಗೆ ಈಗ ಹೊಳೆಯಿತು.

"ಏನಂದ್ರು ಮಗಾ? ನಿಂಗೀಗ ಗೊತ್ತಾಯ್ತದಲ್ಲ, ಏಳು."

ಯಾರ ಮುಲಾಜಿಗೂ ಮಾತು ನುಂಗಿದವನಲ್ಲ ಪುಟ್ಟರಾಜು. ಊರೇ ಅವನ ಬಾಯಿಗೆ ಹೆದರುತ್ತಿತ್ತು.

"ಇನ್ನೂ ಇಚಾರಣೆ ನಡೀತದಂತೆ ಕಣವ್ವ."

ದೇವಿರಮ್ಮ ಮಗನ ಮುಖವನ್ನೇ ನೋಡಿದಳು.

"ಅಷ್ಟೊತ್ತು ಮಾತಾಡಿದ್ದು ಅಷ್ಟೇಯಾ?"

"ಅಷ್ಟೇ ಕಣವ್ವ," ಎಂದವನು ನೋಟ್‌ಬುಕ್ಕನ್ನು ಮುಚ್ಚಿ ತೊಡೆಯ ಕೆಳಗೆ ಸರಿಸಿಕೊಂಡ.